ಥೂ ಮೇಡಂ

ಮಾರ್ಚ್ 3

ಅಕ್ಕ,

ಫೋನಿನಲ್ಲಿ ಮಾತಾಡಿದರೆ ನಾವಿಬ್ಬರೂ ಕುಶಲ ಕೇಳುವ ಮೊದಲೇ ಕಿತ್ತಾಡುತ್ತೇವೆ, ಅದಕ್ಕೇ ಕಾಗದ. ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈ.

ಅಮ್ಮನನ್ನು ಆಸ್ಪತ್ರೆಯಿಂದ ನಮ್ಮ ಮನೆಗೆ ಕರೆತಂದಾಯಿತು. ಮುಂದಿನ ಕೋಣೆಯಲ್ಲೇ ಮಂಚ ಹಾಕಿದ್ದೇವೆ. ಲಕ್ವ ಹೊಡೆದು ಎಡಗೈ, ಎಡಗಾಲು ಎರಡೂ ಬಿದ್ದುಹೋಗಿವೆ. ಬಾಯಿಯ ಎಡ ಮೂಲೆಯಿಂದ ಜೊಲ್ಲು ಸುರಿಯುತ್ತದೆ, ಒರೆಸಿದಷ್ಟೂ ಸುರಿಯುತ್ತದೆ. ಕೋಣೆಯಲ್ಲಿ ಫಿನಾಯಿಲ್ ವಾಸನೆ, ಅದರ ಕೆಳಗೆ ಇನ್ನೊಂದು ವಾಸನೆ. ನನಗೆ ಊಟ ಸೇರುತ್ತಿಲ್ಲ. ದಿನಾ ಕ್ಯಾಂಟೀನಿನಲ್ಲಿ ಬೇರೆಯವರಿಗೆ ಬಡಿಸುವವಳು ಮನೆಗೆ ಬಂದು ವಾಕರಿಸುತ್ತೇನೆ.

ಮಾತಿಗೆ ಮಾತ್ರ ಏನೂ ಆಗಿಲ್ಲವಂತೆ. ದೊಡ್ಡ ಡಾಕ್ಟರು ಗೋಡೆಯ ಮೇಲಿನ ಚಿತ್ರ ತೋರಿಸಿ ವಿವರಿಸಿದರು. "ನೋಡಮ್ಮ, ಇವರು ಬಲಗೈಯವರು ತಾನೇ? ಹಾಗಿದ್ರೆ ಮಾತಿನ ಜಾಗ ಮೆದುಳಿನ ಎಡಭಾಗದಲ್ಲಿರುತ್ತೆ. ಪೆಟ್ಟು ಬಿದ್ದಿರೋದು ಬಲಭಾಗಕ್ಕೆ, ಅದಕ್ಕೇ ಎಡಗೈ ಹೋಗಿದೆ. ಮಾತು ಭದ್ರವಾಗಿದೆ. ಆಡ್ತಾ ಇಲ್ಲ ಅಂದ್ರೆ, ಆಡೋಕೆ ಇಷ್ಟ ಇಲ್ಲ ಅಷ್ಟೇ."

ಆಡುವುದೇನೋ ಆಡುತ್ತಾಳೆ. ಒಂದೇ ಒಂದು. "ಥೂ!"

"ಮೊದಲೂ ಹೀಗೆ ಅಂತಿದ್ರಾ?" ಎಂದು ಅವರು ಕೇಳಿದರು. ನನಗೆ ಅಲ್ಲೇ ನಗು ಬಂತು. "ಸಾರ್, ಹೋಟೆಲುಗಳ ಅಡುಗೆಮನೆ ತಪಾಸಣೆ ಮಾಡೋ ಇನ್‌ಸ್ಪೆಕ್ಟರ್ ಆಗಿದ್ರು. ಕರವಸ್ತ್ರ ಸುತ್ತಿದ ಬೆರಳನ್ನ ಮೇಜಿನ ಅಡಿಗೆ ಎಳೆದು, ನೋಡಿ, ಥೂ ಅಂತಿದ್ರು. ಹೋಟೆಲಿನವರೆಲ್ಲ ಥೂ ಮೇಡಂ ಅಂತಲೇ ಕರೀತಿದ್ರು. ಹೆತ್ತ ಮಗಳ ಕ್ಯಾಂಟೀನಿಗೇ ಒಂದು ತಿಂಗಳು ಬೀಗ ಜಡಿಸಿದ ಮಹಾತಾಯಿ" ಎಂದೆ. ಅವರೂ ನಕ್ಕರು. "ಹಾಗಾದ್ರೆ ಸ್ವಭಾವ ಹಾಗೇ ಉಳಿದಿದೆ, ಒಳ್ಳೇ ಲಕ್ಷಣ" ಎಂದು ಎದ್ದುಹೋದರು.

ಊಟದ ಕಥೆ ಕೇಳು. ತಟ್ಟೆಯ ಬಲ ಅರ್ಧ ಮಾತ್ರ ತಿನ್ನುತ್ತಾಳೆ. ಎಡ ಅರ್ಧವನ್ನು ಗೆರೆ ಕೊಯ್ದ ಹಾಗೆ ಬಿಡುತ್ತಾಳೆ. ಬಿಟ್ಟು, ನನ್ನ ಮುಖ ನೋಡಿ, ಥೂ. ಬೀಗ ಹಾಕಿಸಿದ ದಿನವೂ ಒಂದು ತುತ್ತು ಬಾಯಿಗಿಟ್ಟು ಹೀಗೇ ಎದ್ದುಹೋಗಿದ್ದಳು. ಆಗ ಸರ್ಕಾರದ ಸಂಬಳವಾದರೂ ಬರುತ್ತಿತ್ತು, ಈಗ ಪುಕ್ಕಟೆಯಾಗಿ ಅವಮಾನ ಮಾಡುತ್ತಿದ್ದಾಳೆ.

ಒಂದು ವಾರಕ್ಕಾದರೂ ಬಾ ಅಕ್ಕ. ನೀನು ಅವಳ ಮುದ್ದಿನ ಮಗಳು, ನಿನ್ನ ಮಾತು ಕೇಳಿಯಾಳು.

ಪುಟ್ಟಿ

ಮಾರ್ಚ್ 11

ಪುಟ್ಟಿ,

ಕಾಗದ ಬಂತು. ನಿನ್ನ ಅಕ್ಷರ ಇನ್ನೂ ಕೋಳಿ ಕೆದಕಿದ ಹಾಗೇ ಇದೆ.

ಬರಲಾಗುವುದಿಲ್ಲ. ಪರೀಕ್ಷೆಯ ಸಮಯ. ಹಾಸ್ಟೆಲಿನ ವಾರ್ಡನ್ ಈಗ ಗೇಟು ಬಿಟ್ಟು ಅಲ್ಲಾಡಿದರೆ ಹುಡುಗಿಯರು ಕಟ್ಟಡವನ್ನೇ ಹೊತ್ತುಕೊಂಡು ಹೋಗುತ್ತಾರೆ. ಕೆಳಗಿನ ಮಹಡಿಯ ಬಚ್ಚಲು ಕಟ್ಟಿಕೊಂಡಿದೆ, ಅದನ್ನೂ ನಾನೇ ನಿಂತು ತೆಗೆಸಬೇಕು. ಇಲ್ಲಿ ಎಷ್ಟು ಹೊಲಸು ಎಂದು ನಿನಗೆ ಗೊತ್ತಿಲ್ಲ.

ಅಮ್ಮನ ವಿಷಯದಲ್ಲಿ ನೀನು ತೀರಾ ಮೆತ್ತಗಾಗುತ್ತಿದ್ದೀಯ. ತಟ್ಟೆಯ ಎಡಗಡೆ ಏನು ಹಾಕುತ್ತೀಯ? ಬಹುಶಃ ನಿನ್ನ ಎಣ್ಣೆ ಸುರಿದ ತರಕಾರಿ. ಅದನ್ನು ಬದಲಿಸು. ಇನ್ನು ಮಾತಿನ ವಿಷಯ. ಡಾಕ್ಟರೇ ಮಾತು ಇದೆ ಎಂದ ಮೇಲೆ ಅದು ಹಠ. ಹಠವನ್ನು ಮುರಿಯುವುದು ನಮಗೆ ಹೇಳಿಕೊಟ್ಟವಳು ಅವಳೇ. ಚಿಕ್ಕಂದಿನಲ್ಲಿ ಬೆರಳು ತೋರಿಸಿ ನೀರು ಕೇಳಿದರೆ ಕೊಡುತ್ತಿದ್ದಳೇ? "ಅಮ್ಮ, ನನಗೆ ಒಂದು ಲೋಟ ನೀರು ಬೇಕು" ಎಂದು ಪೂರ್ತಿ ಹೇಳುವವರೆಗೂ ಲೋಟವನ್ನು ಬೆನ್ನ ಹಿಂದೆ ಹಿಡಿದು ನಿಲ್ಲುತ್ತಿದ್ದಳು. ನೀನು ಅಳುತ್ತಿದ್ದೆ, ನಾನು ಹೇಳಿಬಿಡುತ್ತಿದ್ದೆ. ನೀನೂ ಈಗ ಹಾಗೇ ಮಾಡು. ಬಾಯಿಬಿಟ್ಟು ಕೇಳುವವರೆಗೂ ಏನನ್ನೂ ಕೊಡಬೇಡ. ನನ್ನ ಹುಡುಗಿಯರನ್ನು ನಾನು ದಾರಿಗೆ ತರುವುದೂ ಹೀಗೇ.

ಫೋನನ್ನು ಅವಳ ಕಿವಿಗೆ ಹಿಡಿಯುವ ತೊಂದರೆ ಇನ್ನು ತೆಗೆದುಕೊಳ್ಳಬೇಡ. ನನಗೂ ಪುರುಸೊತ್ತಿಲ್ಲ.

ಅಕ್ಕ

ಮಾರ್ಚ್ 24

ಅಕ್ಕ,

ನೀನು ಬದಲಿಸು ಎಂದೆಯಲ್ಲ, ತಟ್ಟೆ ತಿರುಗಿಸಿ ನೋಡಿದೆ. ಎಡಕ್ಕಿದ್ದ ತರಕಾರಿ ಬಲಕ್ಕೆ, ಬಲಕ್ಕಿದ್ದ ಆಲೂಗೆಡ್ಡೆ ಎಡಕ್ಕೆ. ತರಕಾರಿ ಖಾಲಿ, ಆಲೂಗೆಡ್ಡೆ ಹಾಗೇ ಉಳಿಯಿತು. ಎಂದರೆ ಅವಳಿಗೆ ರುಚಿಯ ತಕರಾರಿಲ್ಲ, ನನ್ನ ಅಡುಗೆಯಲ್ಲಿ ಅರ್ಧ ಬಿಡಲೇಬೇಕು ಎಂಬ ನಿಯಮ ಮಾಡಿಕೊಂಡಿದ್ದಾಳೆ. ಅಲ್ಲಿಗೆ ನನಗೂ ಮೈ ಉರಿಯಿತು.

ಪೂರ್ತಿ ವಾಕ್ಯದ ಪಾಠವನ್ನೂ ಶುರು ಮಾಡಿದೆ. ಲೋಟ ಬೆನ್ನ ಹಿಂದೆ ಹಿಡಿದು ನಿಂತೆ. "ಏನು ಬೇಕು, ಬಾಯಿಬಿಟ್ಟು ಹೇಳಮ್ಮ" ಎಂದೆ. ಥೂ. "ಸರಿಯಾಗಿ ಹೇಳು." ಥೂ, ಥೂ, ಥೂ. ಉಗುಳು ನನ್ನ ಸೆರಗಿಗೆ ಬಿತ್ತು. ನಾನು ಲೋಟ ತೆಗೆದುಕೊಂಡು ಅಡುಗೆಮನೆಗೆ ಹೋಗಿ ಆ ನೀರನ್ನು ನಾನೇ ಕುಡಿದೆ. ಇವರು ಬಾಗಿಲಲ್ಲಿ ನಿಂತು, "ಸಾಕು ಕಣೇ, ಕೊಡು" ಎಂದರು. ನಮ್ಮ ತಾಯಿ ಮಗಳ ವಿಷಯದಲ್ಲಿ ತಲೆ ಹಾಕಬೇಡಿ ಎಂದೆ.

ಹಾಸಿಗೆ ಒಗೆದು ಒಗೆದು ಕೈ ಬಿಳಿಚಿಕೊಂಡಿದೆ. ಅದರ ವಿಷಯ ಬರೆಯುವುದಿಲ್ಲ.

ನನಗೆ ಅವಳನ್ನು ಕಂಡರೆ ಹೇಸಿಗೆಯಾಗುತ್ತಿದೆ ಅಕ್ಕ. ಬರೆದುಬಿಟ್ಟೆ. ರೋಗಕ್ಕೆ ಹೇಸುತ್ತಿಲ್ಲ, ಕ್ಯಾಂಟೀನಿನ ಮೋರಿಗೆ ಕೈ ಹಾಕಿದವಳು ನಾನು. ಎಲ್ಲವನ್ನೂ ಮಾಡಿಸಿಕೊಂಡು ಮುಖಕ್ಕೆ ಉಗುಳುವ ಆ ಠೇಂಕಾರಕ್ಕೆ ಹೇಸುತ್ತೇನೆ. ಬಸ್ ಡಿಪೋ ಹಿಂದೆ ಒಂದು ಆರೈಕೆ ಕೇಂದ್ರವಿದೆ. ಹೋಗಿ ನೋಡಿ ಬಂದೆ. ಸಾಲು ಮಂಚಗಳು, ಗೋಡೆಗೆ ತಿರುಗಿ ಮಲಗಿದ ಬೆನ್ನುಗಳು. ಅಲ್ಲಿ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ. ಸೇರಿಸಬೇಕಾದರೆ ಇಬ್ಬರು ಮಕ್ಕಳೂ ಒಪ್ಪಬೇಕಂತೆ. ನಿನ್ನ ಒಪ್ಪಿಗೆ ಬರೆದು ಕಳಿಸು.

ಪುಟ್ಟಿ

ಏಪ್ರಿಲ್ 2

ಪುಟ್ಟಿ,

ನನ್ನ ಒಪ್ಪಿಗೆ ಇದೆ. ಈ ಕಾಗದವನ್ನೇ ಅವರಿಗೆ ತೋರಿಸು, ಸಾಲದಿದ್ದರೆ ಬೇರೆ ಬರೆದುಕೊಡುತ್ತೇನೆ.

ಬೇಸರ ಮಾಡಿಕೊಳ್ಳಬೇಡ. ನಮ್ಮನ್ನು ಕಂಡರೆ ಅವಳಿಗೆ ಅಷ್ಟು ಅಸಹ್ಯವಾದರೆ ಅಪರಿಚಿತರ ನಡುವೆ ಆರಾಮವಾಗಿರಲಿ. ಕಿಟಕಿ ಪಕ್ಕದ ಮಂಚ ಕೇಳು. ಹಾಸಿಗೆಯ ಕೆಳಗೆ ಕೈಯಾಡಿಸಿ ನೋಡು, ಇಂಥ ಕಡೆ ತಿಗಣೆ ಇರುತ್ತದೆ.

ಅಕ್ಕ

ಏಪ್ರಿಲ್ 4

ಅಕ್ಕ,

ನೀನು ಒಪ್ಪಿಗೆ ಬರೆದಿದ್ದರೆ ಕಳಿಸಬೇಡ. ಕಳಿಸಿಯಾಗಿದ್ದರೆ ಅದನ್ನು ಮರೆತುಬಿಡು.

ಸೋಮವಾರ ಮಧ್ಯಾಹ್ನ ಅಮ್ಮ ಊಟ ಮಾಡುತ್ತಿದ್ದಳು. ನಾನು ಎದುರಿಗೆ ಕುಳಿತು ಅವಳ ಥೂಗೆ ಕಾಯುತ್ತಿದ್ದೆ. ಮಂಚದ ಸಂದಿಯಿಂದ ಒಂದು ಜಿರಳೆ ಹತ್ತಿ ಬಂತು. ದಪ್ಪದು, ಮೀಸೆ ಆಡಿಸುತ್ತಾ ತಟ್ಟೆಯ ಎಡ ಅಂಚಿಗೆ ಏರಿತು. ನಾನು ಬೇಕೆಂದೇ ಸುಮ್ಮನಿದ್ದೆ. ಈಗ ನೋಡೋಣ, ಇನ್‌ಸ್ಪೆಕ್ಟರಮ್ಮ ಏನು ಮಾಡುತ್ತಾಳೆ ಎಂದು. ಅದು ಆಲೂಗೆಡ್ಡೆಯ ಮೇಲೆ ಹತ್ತಿತು, ಅಲ್ಲೇ ನಿಂತು ತಿನ್ನತೊಡಗಿತು. ಅಮ್ಮ ಅದರ ಪಕ್ಕದಲ್ಲೇ ಚಮಚ ಹಾಕಿ ಬಲಗಡೆಯದನ್ನು ತಿನ್ನುತ್ತಿದ್ದಾಳೆ. ಕಣ್ಣು ತೆರೆದೇ ಇದೆ. ಜಿರಳೆ ಒಂದು ಕಡೆ, ಅಮ್ಮ ಒಂದು ಕಡೆ, ಒಂದೇ ತಟ್ಟೆಯಲ್ಲಿ ಊಟ.

ಸತ್ತ ನೊಣದ ರೆಕ್ಕೆಗೆ ಹೋಟೆಲು ಮುಚ್ಚಿಸಿದವಳು ಅಕ್ಕ ಅವಳು.

ಆಮೇಲೆ ಅದು ತಟ್ಟೆಯ ನಡುವನ್ನು ದಾಟಿ ಬಲಕ್ಕೆ ಬಂತು. ಅಮ್ಮ ಕಿರುಚಿದಳು. ಚಮಚ ಎಸೆದು, ಇಡೀ ಮೈ ಹಿಂದಕ್ಕೆಳೆದು, "ಥೂ!" ಎಂದಳು. ಅದು ನಾನು ಬಲ್ಲ ಥೂ. ಕರವಸ್ತ್ರದ ಬೆರಳಿನ ಥೂ. ಇಷ್ಟು ದಿನ ನನ್ನ ಮುಖಕ್ಕೆ ಹೇಳಿದ್ದು ಅದಾಗಿರಲಿಲ್ಲ. ಅವಳ ಕಣ್ಣಿಗೆ ತಟ್ಟೆಯ ಎಡ ಅರ್ಧ ಇಲ್ಲವೇ ಇಲ್ಲ, ಅದಕ್ಕೇ ಬಿಡುತ್ತಿದ್ದಾಳೆ. ಇದು ಹೊಳೆದ ಮೇಲೆ, ಮಾತಾಡದಿರುವುದೂ ಹಠವಲ್ಲದಿದ್ದರೆ ಎಂದು ಹೆದರಿಕೆಯಾಯಿತು. ಮರುದಿನವೇ ಆಂಬುಲೆನ್ಸಿನವನನ್ನು ಕಾಡಿ ಬೇಡಿ ಆಸ್ಪತ್ರೆಗೆ ಕರೆದೊಯ್ದೆ.

ದೊಡ್ಡ ಡಾಕ್ಟರು ರಜೆಯಲ್ಲಿದ್ದರು, ಪುಣ್ಯ. ಕೊನೆಯ ಕೋಣೆಯಲ್ಲಿ ಮಾತು ಕಲಿಸುವ ಥೆರಪಿಸ್ಟ್ ಇದ್ದಳು. ಚಿಕ್ಕ ವಯಸ್ಸಿನವಳು, ಮೂಗು ಸೋರುವ ನೆಗಡಿ. ಅಮ್ಮನ ಬಲಗಡೆ ಬಾಚಣಿಗೆ, ಚಮಚ, ಬೀಗದ ಕೈ ಇಟ್ಟಳು. "ಅಮ್ಮ, ಬೀಗದ ಕೈ ಎತ್ತಿ ಕೊಡಿ." ಅಮ್ಮ ಬಾಚಣಿಗೆ ಎತ್ತಿ ತಲೆ ಬಾಚಿಕೊಂಡಳು. "ಕಣ್ಣು ಮುಚ್ಚಿ." ಅಮ್ಮ ಬಾಯಿ ತೆರೆದಳು. ಆಮೇಲೆ ಥೆರಪಿಸ್ಟೇ ಕಣ್ಣು ಮುಚ್ಚಿ ತೋರಿಸಿದಳು, ತಕ್ಷಣ ಅಮ್ಮನೂ ಮುಚ್ಚಿದಳು.

"ಇವರಿಗೆ ಮಾತು ಬರ್ತಿಲ್ಲ ಅನ್ನೋದಷ್ಟೇ ಅಲ್ಲ, ನಾವು ಆಡಿದ್ದೂ ಬಹಳಷ್ಟು ತಿಳೀತಾ ಇಲ್ಲ" ಎಂದಳು.

"ಪೆಟ್ಟು ಬಲಭಾಗಕ್ಕಲ್ವಾ? ಮಾತು ಎಡಭಾಗದಲ್ಲಲ್ವಾ?"

"ಹೆಚ್ಚಿನವರಿಗೆ ಹಾಗೆ. ಎಲ್ಲೋ ಕೆಲವರು, ಬಲಗೈಯವರಾದ್ರೂ, ಮಾತನ್ನ ಬಲಭಾಗದಲ್ಲೇ ಇಟ್ಕೊಂಡಿರ್ತಾರೆ. ಪೆಟ್ಟು ಬಿದ್ದ ಮೇಲೇ ಗೊತ್ತಾಗೋದು. ಯಾಕೆ ಹಾಗೆ ಅಂತ ಯಾರಿಗೂ ಸರಿಯಾಗಿ ತಿಳಿದಿಲ್ಲ. ಬಾಯಲ್ಲಿ ಒಂದೇ ಒಂದು ಉಳಿದಿರುತ್ತೆ, ಎಲ್ಲದಕ್ಕೂ ಅದೇ ಬರುತ್ತೆ. ನೀರಿಗೂ ಅದೇ, ನೋವಿಗೂ ಅದೇ."

ಹೋದ ಸಲ ಹಾಸಿಗೆಯ ವಿಷಯ ಬರೆಯುವುದಿಲ್ಲ ಎಂದಿದ್ದೆ. ಈಗ ಓದು. ಬೆಡ್‌ಪ್ಯಾನ್ ಹಿಡಿದು ನಾನು ಬಾಗಿಲಲ್ಲಿ ನಿಲ್ಲುತ್ತಿದ್ದೆ. "ಏನು ಬೇಕು ಅಂತ ಸರಿಯಾಗಿ ಹೇಳು, ತರ್ತೀನಿ." ಅವಳು ಪಾತ್ರೆ ನೋಡುತ್ತಿದ್ದಳು, ನನ್ನನ್ನು ನೋಡುತ್ತಿದ್ದಳು, ಥೂ ಥೂ ಎನ್ನುತ್ತಿದ್ದಳು. ಬಲಗೈ ಚಾಚುತ್ತಿದ್ದಳು. ನಾನು ಕದಲುತ್ತಿರಲಿಲ್ಲ. ಕೊನೆಗೆ ಅಲ್ಲೇ ಆಗಿಹೋಗುತ್ತಿತ್ತು. ಒಗೆಯುವಾಗ ಅವಳನ್ನು ಬೈಯುತ್ತಿದ್ದೆ. ಒಂದು ದಿನವಲ್ಲ ಅಕ್ಕ. ಜೀವಮಾನವಿಡೀ ಮೈಮೇಲೆ ಒಂದು ಕಲೆ ಬೀಳಲು ಬಿಡದವಳು ಅದರಲ್ಲೇ ಮಲಗಿ ನನ್ನನ್ನು ನೋಡುತ್ತಿದ್ದಳು.

ತಕ್ಷಣ ಬರೆ.

ಪುಟ್ಟಿ

ಏಪ್ರಿಲ್ 17

ಅಕ್ಕ,

ನಿನ್ನ ಒಪ್ಪಿಗೆ ಬಂತು, ತಿಗಣೆಯ ಎಚ್ಚರಿಕೆಯ ಸಮೇತ. ನನ್ನ ಕಾಗದಕ್ಕೆ ಉತ್ತರ ಮಾತ್ರ ಬರಲಿಲ್ಲ.

ದೊಡ್ಡ ಡಾಕ್ಟರು ರಜೆಯಿಂದ ಬಂದರು. ಹಠ ಎಂದಿದ್ದು ಅವರಿಗೆ ನೆನಪೇ ಇಲ್ಲ. ಮೆದುಳಿನ ಸ್ಕ್ಯಾನ್ ಫಿಲ್ಮನ್ನು ಬೆಳಕಿಗೆ ಹಿಡಿದು, "ಅದ್ಭುತ, ಅದ್ಭುತ" ಎಂದು ನಾಲಿಗೆ ಚಪ್ಪರಿಸಿದರು. ಇಂಥ ಕೇಸು ತಮ್ಮ ಕೈಗೆ ಎಂದೂ ಸಿಕ್ಕಿರಲಿಲ್ಲವಂತೆ. ಅಮ್ಮನ ಎಡಗೈ ಎತ್ತಿ ಬಿಟ್ಟರು, ಅದು ಧೊಪ್ಪೆಂದು ಬಿತ್ತು. ಮತ್ತೆ ಎತ್ತಿ ಬಿಟ್ಟರು. "ಇವರ ತಾಯಿ ತಂದೆ ಕಡೆ ಎಡಚರು ಯಾರಾದ್ರೂ?" ಇಲ್ಲವೆಂದೆ. "ಚಿಕ್ಕಂದಿನಲ್ಲಿ ಎಡಗೈ ಬಳಸ್ತಿದ್ದು, ಹೊಡೆದು ಬಲಗೈ ಮಾಡಿಸಿದ್ದೇನಾದ್ರೂ?" ಇಲ್ಲವೆಂದೆ. "ಪ್ಯೂರ್ ಕೇಸ್!" ಎಂದು ಕೈ ಉಜ್ಜಿಕೊಂಡರು. ಗಿರಾಕಿ ಸಿಕ್ಕ ದಲ್ಲಾಳಿಯ ಹಾಗಿತ್ತು ಮುಖ.

ಗುರುವಾರ ವಿದ್ಯಾರ್ಥಿಗಳ ಮುಂದೆ ತೋರಿಸಬೇಕು ಎಂದರು. ನಾನು ಒಪ್ಪಿದೆ. ಥೆರಪಿಸ್ಟಿನ ಪಾಠ ಎಲ್ಲಿ ನಿಲ್ಲಿಸಿಬಿಡುತ್ತಾರೋ ಎಂಬ ಭಯ. ಗಾಲಿ ಕುರ್ಚಿಯಲ್ಲಿ ಅಮ್ಮನನ್ನು ನಡುವೆ ಕೂರಿಸಿದರು. "ಇದೇನು ಹೇಳಿ?" ಪೆನ್ನು. ಥೂ. "ಇದು?" ಗಡಿಯಾರ. ಥೂ. "ನಾನು ಯಾರು?" ಥೂ. ಹಿಂದಿನ ಸಾಲಿನಿಂದ ಕಿಸಕ್ಕೆಂದು ನಗು ಬಂತು. ಡಾಕ್ಟರೂ ನಕ್ಕು, "ಬಹುಶಃ ಇದೊಂದು ಸರಿ ಉತ್ತರ" ಎಂದರು. ಆಗ ಎಲ್ಲರೂ ನಕ್ಕರು. ಅಮ್ಮ ಒಂದೊಂದು ಮುಖವನ್ನೂ ನೋಡಿದಳು. ಬಲಗಡೆ ಕುಳಿತವರನ್ನು ಮಾತ್ರ. ಜೊಲ್ಲು ಗಲ್ಲದಿಂದ ಕುಪ್ಪಸಕ್ಕೆ ಇಳಿಯುತ್ತಿತ್ತು, ಯಾರೂ ಒರೆಸಲಿಲ್ಲ. ನಾನು ಒರೆಸಲು ಎದ್ದರೆ, "ಸ್ವಲ್ಪ ಇರಿ, ಅದೂ ಕಾಣ್ಲಿ" ಎಂದರು.

ನಾನು ಕುಳಿತುಬಿಟ್ಟೆ ಅಕ್ಕ. ನನ್ನ ಕೈಯಲ್ಲಿ ಬಟ್ಟೆ ಇತ್ತು, ಆದರೂ ಕುಳಿತೆ.

ಮನೆಗೆ ಬಂದು ಬಚ್ಚಲಿನಲ್ಲಿ ಬಹಳ ಹೊತ್ತು ಕೈ ತೊಳೆದೆ. ನಗುತ್ತಿದ್ದ ಆ ಹಲ್ಲುಗಳ ನೆನಪಾದರೆ ಈಗಲೂ ವಾಕರಿಕೆ ಬರುತ್ತದೆ. ಇನ್ನು ಅಮ್ಮನನ್ನು ಆ ತರಗತಿಗೆ ಕಳಿಸುವುದಿಲ್ಲವೆಂದು ಹೇಳಿಬಂದೆ. ಥೆರಪಿಸ್ಟ್ ತನ್ನ ಕೆಲಸ ಮುಗಿದ ಮೇಲೆ ಮನೆಗೇ ಬರುತ್ತೇನೆ ಎಂದಿದ್ದಾಳೆ.

ನೀನು ಬದುಕಿದ್ದೀಯಾ?

ಪುಟ್ಟಿ

ಏಪ್ರಿಲ್ 29

ಪುಟ್ಟಿ,

ತಡವಾಯಿತು. ಮೂರು ಸಲ ಬರೆದು ಹರಿದೆ.

ನನಗೆ ಒಂದು ವಿಷಯ ಸ್ಪಷ್ಟವಾಗಿ ತಿಳಿಸು, ಥೆರಪಿಸ್ಟನ್ನೇ ಕೇಳಿ ತಿಳಿಸು. ಫೆಬ್ರವರಿ ಕೊನೆಯಲ್ಲಿ ನೀನು ಆಸ್ಪತ್ರೆಯಿಂದ ಫೋನನ್ನು ಅಮ್ಮನ ಕಿವಿಗೆ ಹಿಡಿದಿದ್ದೆಯಲ್ಲ. ನಾನು, "ಅಮ್ಮ, ನಾನು ಕಣಮ್ಮ, ಹೇಗಿದ್ದೀಯ" ಎಂದೆ. ಅವಳು ಥೂ ಎಂದಳು. ನಾನು ಫೋನು ಇಟ್ಟುಬಿಟ್ಟೆ. ನಿನಗೆ ಲೈನು ಹೋಯಿತು ಎಂದೆ. ಲೈನು ಹೋಗಿರಲಿಲ್ಲ. ಅಪ್ಪ ತೀರಿಕೊಂಡಾಗಲೂ ಸಮಯಕ್ಕೆ ಬಾರದವಳು, ಈಗಲೂ ಫೋನಿನಲ್ಲೇ ಮುಗಿಸುತ್ತಾಳೆ ಎಂದು ಉಗಿದಳು ಅಂದುಕೊಂಡೆ. ಹಾಗಾದರೆ ಅದು ನನಗೆ ಹೇಳಿದ್ದಲ್ಲ ತಾನೇ? ಅವಳು ನನ್ನನ್ನು ಉಗಿಯಲಿಲ್ಲ ತಾನೇ?

ಡಾಕ್ಟರೇ ತಪ್ಪು ಹೇಳಿದ ಮೇಲೆ ನಾವೇನು ಮಾಡಲು ಸಾಧ್ಯವಿತ್ತು. ನಾನು ದೂರದಲ್ಲಿ ಕುಳಿತು ಸಲಹೆ ಕೊಟ್ಟೆ ಅಷ್ಟೇ, ಎದುರಿಗೆ ನೋಡುತ್ತಿದ್ದವಳು ನೀನು.

ಅಕ್ಕ

ಮೇ 5

ಅಕ್ಕ,

ಇಲ್ಲ, ನಿನ್ನನ್ನು ಉಗಿಯಲಿಲ್ಲ. ಸಮಾಧಾನವಾಯಿತೇ?

ಅಮ್ಮ ಹೊಲಸಿನಲ್ಲಿ ಮಲಗಿದ್ದಳು ಎಂದು ಬರೆದೆ, ತರಗತಿಯಲ್ಲಿ ನಕ್ಕರು ಎಂದು ಬರೆದೆ. ನೀನು ಕೇಳಿದ್ದು ಇದೊಂದನ್ನೇ. ಎದುರಿಗೆ ನೋಡುತ್ತಿದ್ದವಳು ನಾನು, ಒಪ್ಪಿಕೊಂಡೆ. ಬೆಳಿಗ್ಗೆ ಕನ್ನಡಿ ನೋಡಲು ನನಗೆ ಮನಸ್ಸಾಗುವುದಿಲ್ಲ. ಆದರೆ ನಿನ್ನ ಆ ಕಡೆಯ ಸಾಲು ಓದಿ ನನಗೆ ನಿನ್ನ ಬಗ್ಗೆಯೂ ಅಸಹ್ಯವಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಆರೈಕೆ ಕೇಂದ್ರದವರು ಮಂಚ ಖಾಲಿ ಇದೆ ಎಂದು ಹೇಳಿ ಕಳಿಸಿದ್ದರು. ಬೇಡ ಎಂದೆ. ಅವಳು ನನ್ನ ಮನೆಯಲ್ಲೇ ಇರುತ್ತಾಳೆ. ಕೇಳುವ ಮೊದಲೇ ನೀರು ಕೊಡುತ್ತೇನೆ, ತಟ್ಟೆಯನ್ನು ಪೂರ್ತಿ ಬಲಕ್ಕೆ ಸರಿಸಿ ಇಡುತ್ತೇನೆ. ಜಿರಳೆಗೆ ಮದ್ದು ಹೊಡೆಸಿದೆ. ನಿನ್ನ ಸಹಾಯ ಬೇಕಾಗಿಲ್ಲ.

ಪುಟ್ಟಿ

ಮೇ 16

ಪುಟ್ಟಿ,

ನೀನು ಬೈದದ್ದು ಸರಿ. ಮತ್ತೆ ಅದರ ವಿಷಯ ಬರೆಯುವುದಿಲ್ಲ.

ಹಾಸ್ಟೆಲಿಗೆ ರಜೆ ಬಿಟ್ಟಿದೆ. ಹುಡುಗಿಯರೆಲ್ಲ ಹೋದರು. ನನ್ನ ಕ್ವಾರ್ಟರ್ಸಿನ ಎರಡನೇ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಅಮ್ಮನನ್ನು ನಾನು ಕರೆದುಕೊಂಡು ಬರುತ್ತೇನೆ. ನಿನಗೆ ಸಾಕಾಗಿರಬೇಕು. ಬೆಡ್‌ಪ್ಯಾನ್ ಎತ್ತಲು ನನಗೂ ಬರುತ್ತದೆ.

ಅಕ್ಕ

ಜೂನ್ 9

ಅಕ್ಕ,

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು. ಆಮೇಲೆ ಎರಡು ದಿನ ಬಿಟ್ಟು ಮತ್ತೆ ಓದಿದೆ. ಸುಣ್ಣ ಹೊಡೆಸಿದ್ದು ಓದಿ ಅಳು ಬಂತು. ಅಮ್ಮನನ್ನು ಕಳಿಸಲು ನನಗೆ ಮನಸ್ಸಿರಲಿಲ್ಲ, ಆದರೂ ಅವಳನ್ನೇ ಕೇಳೋಣ ಎಂದುಕೊಂಡೆ. ಏಕೆಂದರೆ ಈಗ ಕೇಳಬಹುದು.

ಅವಳಿಗೆ ಎರಡು ಮಾತು ಬಂದಿವೆ. ಬೇಕು, ಬೇಡ. ಥೆರಪಿಸ್ಟ್ ದಿನಾ ಸಂಜೆ ಬಂದು, ಹಾಡಿನ ಹಾಗೆ ಎಳೆದು ಎಳೆದು, ಬಲಗೈಯಿಂದ ಮೇಜು ತಟ್ಟಿಸಿ ತಟ್ಟಿಸಿ ತಂದದ್ದು. ಮೊದಮೊದಲು ಅದಲುಬದಲಾಗುತ್ತಿತ್ತು. ನೀರು ಬೇಡ ಎಂದು ಲೋಟಕ್ಕೆ ಕೈ ಚಾಚುತ್ತಿದ್ದಳು. ಅದಕ್ಕೇ ಥೆರಪಿಸ್ಟ್ ಒಂದು ಕ್ರಮ ಮಾಡಿದ್ದಾಳೆ. ಏನು ಕೇಳಿದರೂ ಚಿತ್ರ ತೋರಿಸಿ ಕೇಳಬೇಕು, ಮತ್ತೆ ತಿರುಗಿಸಿ ಕೇಳಬೇಕು, ಎರಡೂ ಸಲ ಉತ್ತರ ಹೊಂದಿದರೆ ಮಾತ್ರ ಅದು ಉತ್ತರ. ಈಚೆಗೆ ಹೆಚ್ಚಾಗಿ ಹೊಂದುತ್ತಿದೆ. ನೆನ್ನೆ ಸಾಬೂನು ಬದಲಿಸಿದ್ದಕ್ಕೆ ನನಗೆ ಬೇಡ ಎಂದು ಗದರಿದಳು, ಹಳೆಯದನ್ನು ತಂದರೆ ಬೇಕು ಎಂದಳು.

ನಾನು ಫೋಟೊಗಳನ್ನು ಒಟ್ಟು ಮಾಡಿದೆ. ನಿನ್ನ ಫೋಟೊ, ನಿನ್ನ ಹಾಸ್ಟೆಲಿನ ಗೇಟು. ಆ ಡಿಪೋ ಹಿಂದಿನ ಕೇಂದ್ರ. ನನ್ನ ಫೋಟೊ, ಈ ಮನೆಯ ಬಾಗಿಲು. ಕೇಂದ್ರದ ಫೋಟೊವನ್ನು ಸುಮ್ಮನೆ ಲೆಕ್ಕಕ್ಕೆ ಇಟ್ಟಿದ್ದೆ, ಬೇಡ ಎನ್ನುವುದು ಯಾವುದಾದರೂ ಒಂದಿರಲಿ ಎಂದು. ಥೆರಪಿಸ್ಟ್ ಅವಳ ಬಲಗಡೆ ಕುಳಿತು ಒಂದೊಂದಾಗಿ ತೋರಿಸಿದಳು.

"ದೊಡ್ಡ ಮಗಳ ಹತ್ತಿರ ಹೋಗ್ತೀರಾ ಅಮ್ಮ?" ನಿನ್ನ ಮುಖವನ್ನು ಅಮ್ಮ ಬಹಳ ಹೊತ್ತು ನೋಡಿದಳು. ಬೆರಳಿನಿಂದ ಕೆನ್ನೆ ಮುಟ್ಟಿದಳು. ಆಮೇಲೆ, "ಬೇಡ."

ನಾನು ಗೆದ್ದೆ ಅಂದುಕೊಂಡೆ ಅಕ್ಕ. ಸುಳ್ಳು ಹೇಳುವುದಿಲ್ಲ, ಒಳಗೊಳಗೇ ಖುಷಿಯಾಯಿತು.

"ಇಲ್ಲೇ ಇರ್ತೀರಾ? ಚಿಕ್ಕ ಮಗಳ ಜೊತೆ?" ಅಮ್ಮ ಫೋಟೊ ನೋಡಲಿಲ್ಲ. ತಲೆ ಎತ್ತಿ, ನಾನು ನಿಂತಿದ್ದ ಬಾಗಿಲನ್ನು ನೋಡಿದಳು, ಬೆಡ್‌ಪ್ಯಾನ್ ಹಿಡಿದು ನಿಲ್ಲುತ್ತಿದ್ದ ಅದೇ ಬಾಗಿಲನ್ನು. "ಬೇಡ."

ತಪ್ಪಾಗಿರಬೇಕು, ತಿರುಗಿಸಿ ಕೇಳು ಎಂದೆ. ಥೆರಪಿಸ್ಟ್ ಕೇಂದ್ರದ ಫೋಟೊ ಹಿಡಿದು, ಅಲ್ಲಿನ ಸಾಲು ಮಂಚಗಳನ್ನು ತೋರಿಸಿ, "ಇಲ್ಲಿಗೆ?" ಎಂದಳು. "ಬೇಕು." ಮತ್ತೆ ನನ್ನ ಮನೆ. "ಬೇಡ." ಫೋಟೊಗಳನ್ನು ಕಲಸಿ, ಜಾಗ ಬದಲಿಸಿ, ಮರುದಿನ ಸಂಜೆ ಮತ್ತೆ ಕೇಳಿದೆವು. ಇವರೂ ಪಕ್ಕದಲ್ಲಿದ್ದರು. ಥೆರಪಿಸ್ಟ್ ಈ ಮನೆಯ ಫೋಟೊ ತೋರಿಸಿ, ಹೊರಗೆ ಕೈ ಮಾಡಿ ಕೇಳಿದಳು. "ಈ ಮನೆ ಬಿಟ್ಟು ಹೋಗ್ಬೇಕಾ ಅಮ್ಮ ನಿಮಗೆ?"

"ಬೇಕು" ಎಂದಳು. ಎಳೆಯಲಿಲ್ಲ, ಮೇಜು ತಟ್ಟಲಿಲ್ಲ. ಕಾಯಿಲೆ ಬೀಳುವ ಮೊದಲು ಹೇಗೆ ಹೇಳುತ್ತಿದ್ದಳೋ ಹಾಗೆ, ಅಷ್ಟು ಸ್ಪಷ್ಟವಾಗಿ. ಥೆರಪಿಸ್ಟಿಗೆ ಎಷ್ಟು ಖುಷಿಯಾಯಿತೆಂದರೆ ಜೋರಾಗಿ ಚಪ್ಪಾಳೆ ತಟ್ಟಿಬಿಟ್ಟಳು. ಆಮೇಲೆ ನನ್ನ ಮುಖ ನೋಡಿ ಕೈ ಕೆಳಗಿಳಿಸಿದಳು.

ಪುಟ್ಟಿ